ಫೈಲ್ ಹೆಸರಿನ ಮಿತಿ: ಯಾರನ್ನು ಕೇಳಿದರೆ ಸರಿ?

ಕನ್ನಡ ಹೆಸರಿನ ಫೈಲ್‌ಗಳನ್ನು ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ನಕಲಿಸಲು ಲಿನಕ್ಸ್‌ನಲ್ಲಿ ಸಣ್ಣದೊಂದು ಸಿ ಪ್ರೋಗ್ರಾಂ ಬರೆಯುತ್ತಿದ್ದೆ. ಹೆಸರು ಎಷ್ಟು ಉದ್ದವಿರಬಹುದು ಎಂದು ತಿಳಿಯಲು ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿದೆ.

ಲಿಮಿಟ್ಸ್.ಎಚ್ ಎಂಬ ಹೆಡರ್ ಫೈಲ್‌ನಲ್ಲಿರುವ ನೇಮ್_ಮ್ಯಾಕ್ಸ್ ಎಂಬ ಸ್ಥಿರಾಂಕ ಎಲ್ಲಕ್ಕಿಂತ ಸುಲಭ. ಬೆಲೆ 255, ಕಂಪೈಲ್ ಆಗುವಾಗಲೇ ಅಚ್ಚೊತ್ತಿ ಕೂರುತ್ತದೆ. ಆದರೆ ಅದು ಬೈಟ್‌ಗಳ ಲೆಕ್ಕ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಕಣ್ಣಿಗೆ ನಾಲ್ಕೇ ಅಕ್ಷರವಾಗಿ ಕಾಣುವ ‘ಕರ್ನಾಟಕ’ ಗುಣಿತ, ಅರ್ಧಾಕ್ಷರದ ಚಿಹ್ನೆಗಳೂ ಸೇರಿ ಏಳು ಸಂಕೇತಗಳಾಗಿ 21 ಬೈಟ್ ನುಂಗುತ್ತದೆ. ಹೆಸರುಗಳನ್ನೂ ಗೂಢಲಿಪೀಕರಿಸುವ ಇಕ್ರಿಪ್ಟ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಮಿತಿ 143ಕ್ಕೆ ಇಳಿಯುತ್ತದೆ. ಈ ಹೆಡರ್‌ಗೆ ಅದರ ಗಾಳಿಯೂ ಸೋಕಿರುವುದಿಲ್ಲ.

ಪಾತ್‌ಕಾನ್ಫ್ ಎಂಬ ಫಂಕ್ಷನ್ ಆಯಾ ಡೈರೆಕ್ಟರಿಯನ್ನೇ ವಿಚಾರಿಸಿ ಉತ್ತರ ತರುತ್ತದೆ. ಇದರ ಕಿರಿಕಿರಿಯೆಂದರೆ -1. ದೋಷವಾದರೂ -1, ಮಿತಿಯೇ ಇಲ್ಲವಾದರೂ -1. ಕರೆಯುವ ಮೊದಲು ದೋಷಸಂಖ್ಯೆ ಇಡುವ ಎರ್‌ನೋವನ್ನು ಸೊನ್ನೆ ಮಾಡಿಟ್ಟು, ಆಮೇಲೆ ಅದು ಬದಲಾಗಿದೆಯೇ ಎಂದು ನೋಡಬೇಕು. ಹಾದಿಯ ಬದಲು ತೆರೆದ ಫೈಲ್‌ನ ಡಿಸ್ಕ್ರಿಪ್ಟರ್ (ಗುರುತಿನ ಸಂಖ್ಯೆ) ಪಡೆಯುವ ಎಫ್‌ಪಾತ್‌ಕಾನ್ಫ್‌ನಲ್ಲೂ ಇದೇ ಗೋಳು. ಆದರೂ ನನಗೆ ಅದೇ ಮೇಲು. ಡೈರೆಕ್ಟರಿಯನ್ನು ಒಮ್ಮೆ ತೆರೆದು, ಅದೇ ಡಿಸ್ಕ್ರಿಪ್ಟರ್‌ನಿಂದ ಮಿತಿ ಕೇಳಿ, ಫೈಲ್ ತೆರೆಯುವ ಓಪನ್‌ಆ್ಯಟ್‌ಗೂ ಅದನ್ನೇ ಕೊಟ್ಟರೆ, ನಡುವೆ ಆ ಜಾಗದಲ್ಲಿ ಬೇರೆ ಡಿಸ್ಕ್ ಮೌಂಟ್ ಆದರೂ ಚಿಂತೆಯಿಲ್ಲ.

ಫೈಲ್ ವ್ಯವಸ್ಥೆಯ ವಿವರ ಕೊಡುವ ಸ್ಟಾಟ್‌ವಿಎಫ್‌ಎಸ್ ಫಂಕ್ಷನ್‌ನ ಎಫ್_ನೇಮ್‌ಮ್ಯಾಕ್ಸ್ ಕೊಡುವುದೂ ಅದೇ ಸಂಖ್ಯೆ. ಆಶ್ಚರ್ಯವೇನಿಲ್ಲ: ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಹೆಸರಿನ ಮಿತಿ ಕೇಳಿದರೆ ಪಾತ್‌ಕಾನ್ಫ್ ಒಳಗೊಳಗೇ ಇದನ್ನೇ ಕರೆಯುತ್ತದೆ. ಖಾಲಿ ಜಾಗದ ಲೆಕ್ಕವೂ ಒಟ್ಟಿಗೆ ಸಿಗುವುದರಿಂದ ನಕಲಿಸುವ ಪ್ರೋಗ್ರಾಂಗೆ ಇದು ಲಾಭ. ಹಾರ್ಡ್ ಲಿಂಕ್‌ಗಳ (ಒಂದೇ ಫೈಲ್‌ಗಿರುವ ಹಲವು ಹೆಸರುಗಳ) ಮಿತಿ ಬೇಕೆಂದರೆ ಮಾತ್ರ ಪಾತ್‌ಕಾನ್ಫ್‌ಗೇ ಮರಳಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾದ ಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಅದು 65000.

ಎಲ್ಲರೂ ಎಡವುವುದು ಪೆನ್ ಡ್ರೈವ್‌ನಲ್ಲಿ. ಅದರಲ್ಲಿ ಬಳಸುವ ವಿಫ್ಯಾಟ್ ಫೈಲ್ ವ್ಯವಸ್ಥೆಗೆ ಕರ್ನಲ್ ಹೇಳುವ ಮಿತಿ 1530, ಅಂದರೆ 255ರ ಆರು ಪಟ್ಟು. ನಿಜವಾದ ಮಿತಿ, ಹೆಸರನ್ನು 16 ಬಿಟ್‌ಗಳ ಘಟಕಗಳಾಗಿ ಬರೆಯುವ ಯುಟಿಎಫ್-16ರ 255 ಘಟಕಗಳು. ಕನ್ನಡದ ಒಂದು ಸಂಕೇತಕ್ಕೆ ಒಂದೇ ಘಟಕ ಸಾಕಾದ್ದರಿಂದ 765 ಬೈಟ್ ಉದ್ದದ ಕನ್ನಡ ಹೆಸರು ಪೆನ್ ಡ್ರೈವ್‌ನಲ್ಲಿ ಹಾಯಾಗಿ ಕೂರುತ್ತದೆ, ಎಕ್ಸ್‌ಟಿ4ಗೆ ಬಂದೊಡನೆ ‘ಹೆಸರು ಉದ್ದವಾಯಿತು’ ಎಂಬ ಇ-ನೇಮ್‌ಟೂಲಾಂಗ್ ದೋಷ ಎದುರಾಗುತ್ತದೆ. ನೇಮ್_ಮ್ಯಾಕ್ಸ್ ನಂಬಿ 256 ಬೈಟ್‌ಗಳ ಬಫರ್ (ಹೆಸರು ಹಿಡಿದಿಡುವ ಮೆಮೊರಿ ಜಾಗ) ಇಟ್ಟವರಿಗಂತೂ ಓದುವಾಗಲೇ ಗಂಡಾಂತರ.

ಈಗ ನನ್ನ ಪ್ರೋಗ್ರಾಂ ಎಫ್‌ಪಾತ್‌ಕಾನ್ಫ್ ಕೊಟ್ಟ ಸಂಖ್ಯೆಯನ್ನು ಬಫರ್ ಅಳತೆಗೆ ಮಾತ್ರ ಬಳಸುತ್ತದೆ. ಹೆಸರು ಹಿಡಿಸುತ್ತದೆಯೇ ಎಂಬುದನ್ನು ಫೈಲ್ ಸೃಷ್ಟಿಸಿಯೇ ನೋಡುತ್ತದೆ, ದೋಷ ಬಂದರೆ ಹೊಸ ಹೆಸರು ಕೇಳುತ್ತದೆ.