ಕಡ್ಡಿ ಫುಲ್, ನೆಟ್ ನಿಲ್: ಕಂತಿನ 5ಜಿ ಫೋನು ಮತ್ತು ಎರಡು ಸಿಮ್, ದೀರ್ಘ ಬಳಕೆಯ ವಿಮರ್ಶೆ

ಸಿಗ್ನಲ್ ಸರಿಯಿಲ್ಲ ಅಂತ ಫೋನ್ ಬದಲಾಯಿಸಲು ಹೊರಟವರು ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಸಿಗ್ನಲ್ ಕೈಕೊಡುವ ಜಾಗದಲ್ಲೇ ನಿಂತು, ಇತ್ತೀಚಿನ ಮಾಡೆಲ್ ಇಟ್ಟುಕೊಂಡಿರುವ ಯಾರದಾದರೂ ಫೋನಿಗೆ ನಿಮ್ಮ ಸಿಮ್ ಹಾಕಿ ನೋಡಿ. ಅಲ್ಲೂ ಅದೇ ಪಾಡಾದರೆ ತೊಂದರೆ ಟವರಿನದು, ನಿಮ್ಮ ₹30,000 ಉಳಿಯಿತು. ಅಲ್ಲಿ ಚೆನ್ನಾಗಿ ಓಡಿದರೆ ಮುಂದೆ ಓದಿ.

ಇಲ್ಲಿ ವಿಮರ್ಶೆ ಒಂದು ಫೋನಿನದಲ್ಲ, ಒಂದು ವ್ಯವಸ್ಥೆಯದು: ₹30,000ದ ಆಸುಪಾಸಿನ 5ಜಿ ಫೋನು, ನೋ-ಕಾಸ್ಟ್ ಇಎಂಐ, ಬೇರೆ ಬೇರೆ ಕಂಪನಿಯ ಎರಡು ಸಿಮ್, ಅರ್ಧ ಬಳಕೆ ಬೆಂಗಳೂರಿನಲ್ಲಿ, ಇನ್ನರ್ಧ ಮಲೆನಾಡು–ಕರಾವಳಿ ಕಡೆ. ಕರ್ನಾಟಕದಲ್ಲಿ ಬಹಳ ಜನರ ಜೇಬಿನಲ್ಲಿರುವುದು ಹೆಚ್ಚುಕಡಿಮೆ ಇದೇ.

ಹೊಸ ಫೋನಿನಿಂದ ಸಿಗ್ನಲ್ ನಿಜಕ್ಕೂ ಸುಧಾರಿಸುವ ಸಂದರ್ಭಗಳಲ್ಲಿ ಮೊದಲನೆಯದು ಬ್ಯಾಂಡ್, ಅಂದರೆ ಸಿಗ್ನಲ್ ಹರಿಯುವ ತರಂಗಾಂತರದ ಪಟ್ಟಿ. ಜಿಯೊದ 4ಜಿ ಓಡುವುದು ಬ್ಯಾಂಡ್ 3, 5, 40ರಲ್ಲಿ, ಅಂದರೆ 1800, 850 ಮತ್ತು 2300 ಮೆಗಾಹರ್ಟ್ಸ್. ಏರ್‌ಟೆಲ್ 1, 3, 8, 40. ಇವೆಲ್ಲ ಹಳೆಯ 4ಜಿ ಫೋನುಗಳಲ್ಲೂ ಸಾಮಾನ್ಯವಾಗಿ ಇರುತ್ತವೆ. ತಕರಾರು ಬರುವುದು 700 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಬ್ಯಾಂಡ್ 28ರಲ್ಲಿ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಗೆ ಇದನ್ನು ಬಳಸುತ್ತದೆ. ಐದಾರು ವರ್ಷ ಹಿಂದಿನ ಅಗ್ಗದ ಫೋನುಗಳಲ್ಲಿ ಹಲವಕ್ಕೆ ಈ ಬ್ಯಾಂಡೇ ಇಲ್ಲ. ಊರಲ್ಲಿ ಬಿಎಸ್‌ಎನ್‌ಎಲ್ 4ಜಿ ಬಂತು ಅಂತ ಎಲ್ಲರೂ ಹೇಳುತ್ತಿರುವಾಗ ಒಬ್ಬರ ಫೋನಲ್ಲಿ ಮಾತ್ರ ಬರುತ್ತಿಲ್ಲವೆಂದರೆ ಎರಡು ಕಾರಣ ನೋಡಬೇಕು: ಫೋನಿನಲ್ಲಿ ಬ್ಯಾಂಡ್ 28 ಇದೆಯೇ, ಸಿಮ್ ಇನ್ನೂ ಹಳೆಯ 2ಜಿ–3ಜಿ ಕಾಲದ್ದಾಗಿದೆಯೇ. ಎರಡನೆಯದಾದರೆ ಕಸ್ಟಮರ್ ಕೇರ್‌ನಲ್ಲಿ 4ಜಿ ಸಿಮ್ ಬದಲಿಸಿಕೊಂಡರೆ ಮುಗಿಯಿತು, ಫೋನ್ ಮುಟ್ಟುವುದೇ ಬೇಡ. ಜಿಯೊ ಇದೇ 700ನ್ನು 5ಜಿಗೆ ಬಳಸುತ್ತದೆ, ಅದರ ಹೆಸರು ಎನ್28. ಅಡಿಕೆ ತೋಟ, ಘಾಟಿ, ಹಂಚಿನ ಮನೆಯ ಒಳಕೋಣೆ ಇಂಥಲ್ಲಿ ಕೆಲಸಕ್ಕೆ ಬರುವುದು ಈ ಕೆಳ ತರಂಗಾಂತರವೇ. ಡಬ್ಬದ ಮೇಲೆ ದೊಡ್ಡದಾಗಿ ‘5ಜಿ’ ಅಂತ ಇರುತ್ತದೆ, ಯಾವ ಬ್ಯಾಂಡ್ ಅಂತ ಇರುವುದಿಲ್ಲ. ತಯಾರಕರ ಜಾಲತಾಣದಲ್ಲಿ ಭಾರತದ ಮಾಡೆಲ್ ಸಂಖ್ಯೆ ಹಾಕಿ ಎನ್28 ಮತ್ತು ವೇಗದ 5ಜಿ ಬರುವ ಎನ್78 ಎರಡೂ ಇವೆಯೇ ನೋಡಿ.

ಎರಡನೆಯದು ಕ್ಯಾರಿಯರ್ ಅಗ್ರಿಗೇಷನ್. ಒಂದೇ ಟವರಿನ ಎರಡು ಮೂರು ಬ್ಯಾಂಡುಗಳನ್ನು ಫೋನು ಒಟ್ಟಿಗೆ ಹಿಡಿದುಕೊಳ್ಳುವ ಶಕ್ತಿ ಇದು. ಸಂಜೆ ಏಳರಿಂದ ಹತ್ತರವರೆಗೆ ಜನ ತುಂಬಿದ ಬಡಾವಣೆಯಲ್ಲಿ ಹಳೆಯ ಫೋನ್ ಒಂದೇ ಬ್ಯಾಂಡಿಗೆ ಜೋತುಬಿದ್ದು ಒದ್ದಾಡುವಾಗ ಹೊಸದು ಓಡುವುದು ಇದರಿಂದ. ಆದರೆ ಸಿಗ್ನಲ್ಲೇ ಬಾರದ ಜಾಗದಲ್ಲಿ ಇದರಿಂದ ಏನೂ ಆಗದು.

ಮೂರನೆಯದು ಕರೆ. ಜಿಯೊಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. 2016ರಲ್ಲಿ ಶುರುವಾದಾಗಿನಿಂದ ಕರೆಗಳೆಲ್ಲ 4ಜಿ ಮೇಲೆ, ಅಂದರೆ ವೋಲ್ಟೆಯಲ್ಲೇ. ಏರ್‌ಟೆಲ್ 3ಜಿ ಮುಚ್ಚಿ 2ಜಿ ಉಳಿಸಿಕೊಂಡಿದೆ. ಹೊರದೇಶದಿಂದ ನೆಂಟರು ತಂದುಕೊಟ್ಟ ಫೋನುಗಳಲ್ಲಿ ಇಲ್ಲಿನ ಕಂಪನಿಗಳ ವೋಲ್ಟೆ ಸೆಟ್ಟಿಂಗ್ ಎಷ್ಟೋ ಸಲ ಇರುವುದಿಲ್ಲ. ಡೇಟಾ ಚೆನ್ನಾಗಿ ಓಡುತ್ತದೆ, ಕರೆ ಬಂದ ಕೂಡಲೇ ಏರ್‌ಟೆಲ್ ಸಿಮ್ 2ಜಿಗೆ ಇಳಿಯುತ್ತದೆ, ಜಿಯೊದಲ್ಲಿ ಕರೆಯೇ ಹೋಗುವುದಿಲ್ಲ. ಇದು ಫೋನ್ ಕೆಟ್ಟಿದ್ದಲ್ಲ, ರಿಪೇರಿಗೆ ಕೊಟ್ಟರೆ ದುಡ್ಡು ದಂಡ.

ಉಳಿದಂತೆ ಫೋನ್ ಬದಲಿಸಿದರೆ ಕ್ಯಾಮೆರಾ ಬದಲಾಗುತ್ತದೆ, ರೇಂಜ್ ಬದಲಾಗುವುದಿಲ್ಲ. ಪರಪ್ಪನ ಅಗ್ರಹಾರ ಜೈಲಿನ ಸುತ್ತಮುತ್ತಲ ನಿವಾಸಿಗಳು ಸಿಗ್ನಲ್ ತಡೆಯುವ ಜಾಮರ್‌ನಿಂದಾಗಿ ಕರೆ ಹೋಗುತ್ತಿಲ್ಲವೆಂದು ದೂರಿದ್ದು ಸುದ್ದಿಯಾಗಿತ್ತು. ಅಂಥ ಕಡೆ ಲಕ್ಷದ ಫೋನೂ ಒಂದೇ, ಹತ್ತು ಸಾವಿರದ್ದೂ ಒಂದೇ.

5ಜಿ ಬಗ್ಗೆ ಸ್ವಲ್ಪ ವಿವರ ಬೇಕು. ದೇಶದಲ್ಲಿ 2022ರ ಅಕ್ಟೋಬರ್ 1ರಂದು 5ಜಿಗೆ ಚಾಲನೆ ಸಿಕ್ಕಿದಾಗಿನಿಂದಲೇ ಎರಡು ದೊಡ್ಡ ಕಂಪನಿಗಳ ದಾರಿ ಬೇರೆ. ಜಿಯೊದ್ದು ಸ್ವತಂತ್ರ 5ಜಿ, ಕೆಳಗೆ 4ಜಿಯ ಆಸರೆ ಬೇಕಿಲ್ಲ. ಏರ್‌ಟೆಲ್ ಮೊಬೈಲಿಗೆ ಆರಿಸಿಕೊಂಡದ್ದು 4ಜಿಯನ್ನು ಲಂಗರಾಗಿ ಇಟ್ಟುಕೊಂಡು ಅದರ ಮೇಲೆ 5ಜಿ ಕೊಡುವ ಬಗೆ. 2022ರ ತರಂಗಾಂತರ ಹರಾಜಿನಲ್ಲಿ ಅದು 700 ಮೆಗಾಹರ್ಟ್ಸ್ ಕೊಂಡಿರಲಿಲ್ಲ. ವೊಡಾಫೋನ್ ಐಡಿಯಾದ (ವಿಐ) 5ಜಿ ಬೆಂಗಳೂರಿಗೆ ಬಂದದ್ದು 2025ರ ಜೂನ್‌ನಲ್ಲಿ. ಜಿಯೊ–ಏರ್‌ಟೆಲ್ ದಾರಿಗಳ ವ್ಯತ್ಯಾಸ ಬಳಕೆಯಲ್ಲಿ ಹೀಗೆ ಕಾಣುತ್ತದೆ: ಲಂಗರಿನ ಬಗೆಯಲ್ಲಿ ಫೋನು ಏಕಕಾಲಕ್ಕೆ ಎರಡು ಜಾಲ ಹಿಡಿದಿರುವುದರಿಂದ ಬ್ಯಾಟರಿ ಹೆಚ್ಚು ಎಳೆಯುತ್ತದೆ, ಮತ್ತು 4ಜಿ ಲಂಗರು ಸಡಿಲವಾದರೆ 5ಜಿಯೂ ಹೋಗುತ್ತದೆ. ಸ್ವತಂತ್ರ ಬಗೆಯಲ್ಲಿ 5ಜಿ ಗುರುತು ದೂರದವರೆಗೂ ಉಳಿಯುತ್ತದೆ, ಆದರೆ ಆ ಗುರುತು 700ರದ್ದಾಗಿದ್ದರೆ ವೇಗ ಒಳ್ಳೆಯ 4ಜಿಯಷ್ಟೇ. ಭರ್ಜರಿ ವೇಗ ಬರುವುದು 3.5 ಗಿಗಾಹರ್ಟ್ಸ್ ಸುತ್ತಲಿನ ಎನ್78ರಲ್ಲಿ. ಅದು ಆರ್‌ಸಿಸಿ ಗೋಡೆ, ಕಚೇರಿಯ ಲೇಪಿತ ಗಾಜು ದಾಟುವಾಗ ಸೋತುಹೋಗುತ್ತದೆ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಯುಪಿಐ ತಿರುಗುತ್ತಲೇ ಇರುತ್ತದಲ್ಲ, ಫೋನು ದುರ್ಬಲ 5ಜಿಯನ್ನು ಬಿಡದೆ ಹಿಡಿದುಕೊಂಡಿರುವುದೂ ಅದಕ್ಕೆ ಒಂದು ಕಾರಣ. ಏರೋಪ್ಲೇನ್ ಮೋಡ್ ಹಾಕಿ ಹತ್ತು ಸೆಕೆಂಡ್ ಬಿಟ್ಟು ತೆಗೆದರೆ ಜಾಲವನ್ನು ಹೊಸದಾಗಿ ಹುಡುಕುತ್ತದೆ. ದಿನವಿಡೀ ಅಂಥ ಕಟ್ಟಡದಲ್ಲೇ ಇರುವವರು ಸಿಮ್ ಸೆಟ್ಟಿಂಗಿನಲ್ಲಿ 4ಜಿಗೆ ಇಟ್ಟುಬಿಡುವುದು ಮೇಲು. ಬ್ಯಾಟರಿ ಎದ್ದು ಕಾಣುವಷ್ಟು ಹೆಚ್ಚು ಹೊತ್ತು ಬರುತ್ತದೆ.

ಪರದೆಯ ಮೇಲಿನ ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ. ಯಾವ ಮಟ್ಟಕ್ಕೆ ಎಷ್ಟು ಕಡ್ಡಿ ತೋರಿಸಬೇಕೆಂಬುದು ಫೋನಿನಿಂದ ಫೋನಿಗೆ ಬೇರೆ. ಅನೇಕ ಆಂಡ್ರಾಯ್ಡ್‌ಗಳಲ್ಲಿ *#*#4636#*#*, ಸ್ಯಾಮ್‌ಸಂಗ್‌ನಲ್ಲಿ *#0011#, ಐಫೋನಿನಲ್ಲಿ *3001#12345#* ಒತ್ತಿದರೆ ನಿಜವಾದ ಅಂಕಿ ಸಿಗುತ್ತದೆ. ಆರ್‌ಎಸ್‌ಆರ್‌ಪಿ ಎಂಬುದು ಸಿಗ್ನಲ್ ಬಲ: −90 ಡಿಬಿಎಂಗಿಂತ ಮೇಲಿದ್ದರೆ ಚೆನ್ನ, −105ರವರೆಗೆ ನಡೆಯುತ್ತದೆ, −115 ದಾಟಿ ಕೆಳಗೆ ಹೋದರೆ ಕರೆ ಕಡಿಯಲು ಶುರು. ಎಸ್‌ಐಎನ್‌ಆರ್ ಎಂಬುದು ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟ ಎಂಬುದರ ಅಳತೆ: 13ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು, ಸೊನ್ನೆಗಿಂತ ಕೆಳಗಿದ್ದರೆ ಕಡ್ಡಿ ಎಷ್ಟಿದ್ದರೂ ವ್ಯರ್ಥ. ಎರಡೂ ಚೆನ್ನಾಗಿದ್ದು ನೆಟ್ ಓಡದಿದ್ದರೆ ಟವರಿನಲ್ಲಿ ಜನಜಂಗುಳಿ ಇದೆ, ಇಲ್ಲವೇ ಟವರಿನಿಂದ ಹಿಂದಕ್ಕೆ ಹೋಗುವ ಸಂಪರ್ಕ ಕಿರಿದಾಗಿದೆ. ಹಳ್ಳಿಗಳ ಎಷ್ಟೋ ಟವರಿಗೆ ಫೈಬರ್ ಇಲ್ಲ, ಮೈಕ್ರೋವೇವ್ ತಟ್ಟೆಯೇ ಗತಿ. ಇದನ್ನು ಪತ್ತೆಮಾಡುವುದು ಸುಲಭ. ಬೆಳಗಿನ ಜಾವ ಐದಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಮೈಸ್ಪೀಡ್ ಆ್ಯಪ್‌ನಲ್ಲಿ ವೇಗ ನೋಡಿ. ಅಜಗಜಾಂತರವಿದ್ದರೆ ಟವರ್ ತುಂಬಿದೆ.

ಮನೆಯೊಳಗೆ ಮಾತ್ರ ತೊಂದರೆಯಾದರೆ ವೈಫೈ ಕಾಲಿಂಗ್ ಆನ್ ಮಾಡಿ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಕೊಟ್ಟ ಈ ಸೌಲಭ್ಯವನ್ನು ಇನ್ನೂ ಎಷ್ಟೋ ಜನ ಮುಟ್ಟಿಯೇ ಇಲ್ಲ. ಇದಕ್ಕೆ ಬೇರೆ ಶುಲ್ಕವಿಲ್ಲ. ಅಂಗಡಿಯಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ತರಬೇಡಿ. ಅನುಮತಿಯಿಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ. ಅದು ಟವರಿನ ಕಿವಿಗೆ ಗದ್ದಲ ತುಂಬುವುದರಿಂದ ಇಡೀ ಬೀದಿಯ ಕರೆಗಳು ಕೆಡುತ್ತವೆ.

ಎರಡು ಸಿಮ್ ವ್ಯವಸ್ಥೆಯೇ ಈ ಇಡೀ ಏರ್ಪಾಡಿನ ಬೆಲೆಬಾಳುವ ಭಾಗ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ, ಡೀಸೆಲ್ ಹಾಕುವವರು ಬರುವವರೆಗೆ ಆ ಕಂಪನಿ ಸತ್ತಂತೆಯೇ. ಎರಡನೇ ಸಿಮ್ ತಗೊಳ್ಳುವಾಗ ಅದು ಬೇರೆ ಟವರಿನಲ್ಲಿದೆಯೇ ನೋಡಬೇಕು, ಏಕೆಂದರೆ ಒಂದೇ ಕಂಬದಲ್ಲಿ ಎರಡು ಮೂರು ಕಂಪನಿಗಳು ಕೂತಿರುವುದು ಮಾಮೂಲು. ಕಂಬಕ್ಕೆ ಕರೆಂಟ್ ಹೋದರೆ ಎಲ್ಲವೂ ಒಟ್ಟಿಗೇ ಮಲಗುತ್ತವೆ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ನಿಮ್ಮ ಜಾಗದ ಸುತ್ತಲಿನ ಟವರುಗಳು ನಕ್ಷೆಯಲ್ಲಿ ಸಿಗುತ್ತವೆ. ಕಂಪನಿಗಳೂ ತಮ್ಮ ವ್ಯಾಪ್ತಿಯ ನಕ್ಷೆ ಹಾಕಬೇಕೆಂದು ಟ್ರಾಯ್ ನಿಯಮವಿದೆ. ಜಿಲ್ಲಾ ಮಟ್ಟದಲ್ಲಿ ಜಾಲ 24 ಗಂಟೆ ಮೀರಿ ಸತ್ತಿದ್ದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಕೊಡಬೇಕೆಂಬುದೂ 2024ರ ನಿಯಮಗಳಲ್ಲಿದೆ. ಒಂದು ಹಳ್ಳಿಯ ಟವರ್ ಮಾತ್ರ ಹೋದರೆ ಇದು ಅನ್ವಯಿಸದು.

ಎರಡನೇ ಸಿಮ್‌ಗೆ ಡೇಟಾ ಪ್ಲಾನ್ ಹಾಕುವುದು ದಂಡ. ಟ್ರಾಯ್ ಒತ್ತಾಯದಿಂದ 2025ರ ಜನವರಿಯಲ್ಲಿ ಕರೆ–ಎಸ್‌ಎಂಎಸ್ ಮಾತ್ರದ ಪ್ಯಾಕ್‌ಗಳು ಬಂದವು. ಆಗ 84 ದಿನಕ್ಕೆ ಜಿಯೊದ್ದು ₹448, ಏರ್‌ಟೆಲ್‌ದು ₹469. ಆ್ಯಪ್‌ನಲ್ಲಿ ಇವು ಎದುರಿಗೆ ಕಾಣುವುದಿಲ್ಲ, ಹುಡುಕಬೇಕು. ಮೊದಲ ಸಿಮ್ ಜಿಯೊ ಅಥವಾ ಏರ್‌ಟೆಲ್ ಆಗಿದ್ದು ಅದರಲ್ಲಿ ಮಿತಿಯಿಲ್ಲದ 5ಜಿ ಬೇಕಿದ್ದರೆ 2024ರ ಜುಲೈ ದರ ಏರಿಕೆಯಿಂದೀಚೆಗೆ ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಪ್ಲಾನ್ ಆಗಬೇಕು. 1.5 ಜಿಬಿ ಪ್ಲಾನ್ ಹಾಕಿಕೊಂಡು 5ಜಿ ಫೋನ್ ಹಿಡಿದವರು ಕೊಟ್ಟ ದುಡ್ಡಿನ ಅರ್ಧ ಮಾತ್ರ ಬಳಸುತ್ತಿದ್ದಾರೆ. ಇನ್ನೊಂದು ವಿಷಯ: ಹೆಚ್ಚಿನ ಫೋನುಗಳಲ್ಲಿ ಒಂದು ಸಿಮ್‌ನಲ್ಲಿ ಮಾತಾಡುವಾಗ ಇನ್ನೊಂದರ ಡೇಟಾ ನಿಲ್ಲುತ್ತದೆ. ಡೇಟಾ ತಾನಾಗಿ ಬದಲಾಗುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಬಹುದು, ಆದರೆ ಎರಡನೇ ಸಿಮ್‌ನಲ್ಲಿ ಡೇಟಾ ಪ್ಯಾಕ್ ಇಲ್ಲದಿದ್ದರೆ ಅದೂ ಪ್ರಯೋಜನವಿಲ್ಲ.

ನಂಬರ್ ಇಟ್ಟುಕೊಂಡೇ ಕಂಪನಿ ಬದಲಿಸಲು 1900ಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ (PORT) ಎಂದು ಬರೆದು, ಜಾಗ ಬಿಟ್ಟು, ಹತ್ತಂಕಿ ನಂಬರ್ ಕಳಿಸಿ. ಎಂಟು ಅಕ್ಷರ–ಅಂಕಿಯ ಪೋರ್ಟಿಂಗ್ ಕೋಡ್, ಅಂದರೆ ಯುಪಿಸಿ ಬರುತ್ತದೆ, ಕರ್ನಾಟಕದಲ್ಲಿ ಅದರ ಆಯುಸ್ಸು ನಾಲ್ಕು ದಿನ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಸಿಮ್ ಕಳೆದು ಬದಲಿ ಪಡೆದಿದ್ದರೆ ಮೊದಲ ಏಳು ದಿನ ಯುಪಿಸಿ ಸಿಗದು. ಈ ಕೊನೆಯ ನಿಯಮ 2024ರ ಜುಲೈ 1ರಿಂದ ಇದೆ, ಸಿಮ್ ಕದ್ದು ಬ್ಯಾಂಕ್ ಖಾಲಿ ಮಾಡುವವರಿಗೆ ತಡೆ ಒಡ್ಡಲು. ಹಳೆಯ ಪ್ಲಾನಿನಲ್ಲಿ ಉಳಿದ ದಿನಗಳು ಹೊಸ ಕಂಪನಿಗೆ ಬರುವುದಿಲ್ಲ, ಹಾಗಾಗಿ ಪ್ಯಾಕ್ ಮುಗಿಯುವ ವಾರದಲ್ಲೇ ಪೋರ್ಟ್ ಹಾಕುವುದು ಜಾಣತನ.

ಇನ್ನು ದುಡ್ಡಿನ ಲೆಕ್ಕ. ಅಮೆರಿಕದಲ್ಲಿ ಕೆಲವರು ಮಾಡಿದ್ದಂತೆ ಮೊಬೈಲ್ ಸೇವೆಯ ಕಂಪನಿಯೇ ಫೋನನ್ನು ಬಾಡಿಗೆಗೆ ಕೊಟ್ಟು ಅವಧಿ ಮುಗಿದ ಮೇಲೆ ವಾಪಸ್ ಪಡೆಯುವ ಪದ್ಧತಿ ಇಲ್ಲಿ ಬೇರೂರಲಿಲ್ಲ. ಹತ್ತಿರ ಬಂದದ್ದು 2017ರ ಜಿಯೊಫೋನ್: ₹1,500 ಠೇವಣಿ, ಮೂರು ವರ್ಷದ ಮೇಲೆ ಫೋನ್ ಮರಳಿಸಿದರೆ ಷರತ್ತಿನ ಮೇಲೆ ವಾಪಸ್. 2021ರ ಜಿಯೊಫೋನ್ ನೆಕ್ಸ್ಟ್ ₹6,499ದ್ದು. ಕಂತಿನಲ್ಲಾದರೆ ₹1,999 ಮುಂಗಡ, ₹501 ಸಂಸ್ಕರಣಾ ಶುಲ್ಕ, 24 ತಿಂಗಳು ₹300ರಂತೆ ಒಟ್ಟು ₹9,700, ಡೇಟಾ–ಕರೆ ಸೇರಿ. ಫೋನಿನ ಬೆಲೆಯನ್ನೂ ರೀಚಾರ್ಜನ್ನೂ ಹೀಗೆ ಕಲಸಿಟ್ಟರೆ ಯಾವುದಕ್ಕೆ ಎಷ್ಟು ಕೊಟ್ಟೆವೆಂದು ಬಿಡಿಸಿ ನೋಡುವುದೇ ಕಷ್ಟ.

ಈಗ ಚಾಲ್ತಿಯಲ್ಲಿರುವುದು ಕ್ರೆಡಿಟ್ ಕಾರ್ಡಿನ ನೋ-ಕಾಸ್ಟ್ ಇಎಂಐ. ಬಡ್ಡಿಯೇ ಇಲ್ಲದ ಕಂತು ಎಂಬುದು ಇಲ್ಲ, ಶೂನ್ಯ ಬಡ್ಡಿ ಯೋಜನೆಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ಬೇಡ ಅಂದಿದೆ. ನಡೆಯುವುದು ಇಷ್ಟು: ವ್ಯಾಪಾರಿ ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಇಳಿಸುತ್ತಾನೆ, ಬ್ಯಾಂಕು ಅದನ್ನು ಬಡ್ಡಿಯಾಗಿ ವಸೂಲು ಮಾಡುತ್ತದೆ. ₹30,000, ಆರು ಕಂತು, ಶೇ. 16 ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ₹5,000 ಸರಿ. ಅದರೊಳಗೆ ಬಡ್ಡಿ ಸುಮಾರು ₹1,350. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ ₹243, ನಿಮ್ಮ ತಲೆಗೆ. ಸಂಸ್ಕರಣಾ ಶುಲ್ಕ ₹199 ಆದರೆ ತೆರಿಗೆ ಸೇರಿ ₹235. ‘ನೋ-ಕಾಸ್ಟ್’ನ ಕಾಸು ಹೀಗೆ ₹478. ಇದು ದುಬಾರಿಯೇನಲ್ಲ. ಪೂರ್ತಿ ಹಣ ಕೊಟ್ಟರೆ ಬೇರೆ ರಿಯಾಯಿತಿ ಇದೆಯೇ ಎಂದು ಕೇಳದೆ ಕಂತಿಗೆ ಒಪ್ಪುವುದು ದುಬಾರಿ. ಫೋನ್ ವಾಪಸ್ ಮಾಡಬೇಕಾಗಿ ಬಂದರೆ ಬ್ಯಾಂಕು ಅಷ್ಟರಲ್ಲಿ ಹಿಡಿದ ಬಡ್ಡಿ ಮತ್ತು ಶುಲ್ಕ ಮರಳಿ ಬರದೇ ಹೋಗಬಹುದು.

ಕಾರ್ಡ್ ಇಲ್ಲದೆ ಅಂಗಡಿಯ ಫೈನಾನ್ಸ್‌ನಲ್ಲಿ ತಗೊಳ್ಳುವವರು ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆ: ಫೋನಿಗೆ ಲಾಕ್ ಆ್ಯಪ್ ಹಾಕುತ್ತೀರಾ? ಕಂತು ತಪ್ಪಿದರೆ ದೂರದಿಂದಲೇ ಫೋನ್ ಬಂದ್ ಮಾಡುವ ಆ್ಯಪ್ ಅದು, ಫ್ಯಾಕ್ಟರಿ ರೀಸೆಟ್ ಮಾಡಿದರೂ ಹೋಗದಂತೆ ಕೂರಿಸಿರುತ್ತಾರೆ. ಜತೆಗೆ ಬಿಲ್ಲಿನಲ್ಲಿ ವಿಮೆ, ‘ಪ್ರೊಟೆಕ್ಷನ್ ಪ್ಲಾನ್’ ಅಂತ ಸೇರಿಸಿದ್ದರೆ ತೆಗೆಸಿ.

ಎರಡು ವರ್ಷಕ್ಕೊಮ್ಮೆ ಬದಲಿಸುವುದು ಲಾಭವೇ? ₹30,000ದ ಫೋನನ್ನು ಎರಡು ವರ್ಷಕ್ಕೆ ₹9,000ಕ್ಕೆ ಎಕ್ಸ್‌ಚೇಂಜ್ ಹಾಕಿದರೆ ತಿಂಗಳಿಗೆ ₹875 ಬಿತ್ತು. ನಾಲ್ಕು ವರ್ಷ ಇಟ್ಟುಕೊಂಡು, ನಡುವೆ ₹3,000 ಕೊಟ್ಟು ಬ್ಯಾಟರಿ ಹಾಕಿಸಿ, ಕೊನೆಗೆ ₹3,000ಕ್ಕೆ ಮಾರಿದರೆ ₹625. ಪಿಕ್ಸೆಲ್ 8 ಮತ್ತು ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷದ ಅಪ್‌ಡೇಟ್ ಶುರುವಾಗಿದೆ. ಮಧ್ಯಮ ಬೆಲೆಯ ಫೋನ್ ಕೊಳ್ಳುವಾಗಲೂ ಎಷ್ಟು ವರ್ಷದ ಸೆಕ್ಯುರಿಟಿ ಅಪ್‌ಡೇಟ್ ಎಂದು ಮೊದಲು ಕೇಳಿ, ಕ್ಯಾಮೆರಾ ಆಮೇಲೆ. ‘ಖಚಿತ ಮರುಖರೀದಿ’ ಯೋಜನೆಗಳಲ್ಲಿ ದೊಡ್ಡ ಅಕ್ಷರದಲ್ಲಿರುವ ಶೇಕಡಾವಾರು ಸಿಗುವುದು ನಿಗದಿತ ತಿಂಗಳೊಳಗೆ, ಅದೇ ಖಾತೆಯಿಂದ, ಬಿಲ್ ಮತ್ತು ಡಬ್ಬದ ಸಮೇತ ಕೊಟ್ಟರೆ ಮಾತ್ರ.

ಎಕ್ಸ್‌ಚೇಂಜ್ ದಿನ ಬಾಗಿಲಿಗೆ ಬರುವವರು ಆ್ಯಪ್ ಹಾಕಿ ಪರೀಕ್ಷಿಸುತ್ತಾರೆ. ಡಿಸ್‌ಪ್ಲೇ ಚುಕ್ಕೆ, ಹಿಂಬದಿಯ ಬಿರುಕು, ಸ್ಪೀಕರ್ ಒಡಕಿಗೆ ಬೆಲೆ ಇಳಿಯುತ್ತದೆ. ಇಳಿದ ಬೆಲೆ ಒಪ್ಪಲೇಬೇಕೆಂದಿಲ್ಲ. ಅವರು ಬರುವ ಹಿಂದಿನ ರಾತ್ರಿ ಮಾಡಬೇಕಾದ್ದು: ವಾಟ್ಸ್ಆ್ಯಪ್ ಬ್ಯಾಕಪ್, ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಿಂದ ಹೊರಬರುವುದು, ಇ-ಸಿಮ್ ಇದ್ದರೆ ಹೊಸ ಫೋನಿಗೆ ವರ್ಗಾಯಿಸುವುದು, ಆಮೇಲೆ ಗೂಗಲ್ ಅಥವಾ ಆ್ಯಪಲ್ ಖಾತೆ ತೆಗೆದು ರೀಸೆಟ್. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನು ಅದೇ ಖಾತೆಯ ಪಾಸ್‌ವರ್ಡ್ ಕೇಳುತ್ತಾ ನಿಲ್ಲುತ್ತದೆ, ಬಂದವರು ತಗೊಳ್ಳದೆ ಹೋಗುತ್ತಾರೆ. ಬದಲಿಗೆ ಹಳೆಯ ಫೋನ್ ಕೊಳ್ಳುವವರು ನೀವಾಗಿದ್ದರೆ ಹಣ ಕೊಡುವ ಮುಂಚೆ *#06# ಒತ್ತಿ ಫೋನಿನ ಗುರುತು ಸಂಖ್ಯೆಯಾದ ಐಎಂಇಐ ನೋಡಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿ. ಕದ್ದ ಫೋನೆಂದು ಬ್ಲಾಕ್ ಆಗಿದ್ದರೆ ಅಲ್ಲೇ ತಿಳಿಯುತ್ತದೆ. ಫೈನಾನ್ಸ್ ಬಾಕಿ ಅದರಲ್ಲಿ ಕಾಣದು. ಅದಕ್ಕೆ ಮಾರುವವರಿಂದ ಸಾಲ ತೀರಿದ ಪತ್ರ (ಎನ್‌ಒಸಿ) ಕೇಳಿ ಪಡೆಯಬೇಕು.