ಶೀಟ್ ಮನೆಯಲ್ಲಿ ಕೂತು ಆಡಿದ ನಾಲ್ಕು ಸಣ್ಣ ಹಾರರ್ ಗೇಮ್‌ಗಳು

ಮೊದಲೇ ಹೇಳಿಬಿಡುತ್ತೇನೆ, ನಾಲ್ಕರಲ್ಲಿ ಗೆದ್ದದ್ದು 'ಐರನ್ ಲಂಗ್'. ಪುರುಸೊತ್ತಿಲ್ಲದವರು ಓದುವುದನ್ನು ಇಲ್ಲಿಗೇ ಬಿಟ್ಟು ಅದನ್ನೇ ಆಡಿ.

ನಮ್ಮ ಮನೆ ಕೊಡಗಿನಲ್ಲಿ, ಮಡಿಕೇರಿ ಹತ್ತಿರದ ಗಾಳಿಬೀಡಿನ ಕಡೆ. ಮಳೆಗಾಲದಲ್ಲಿ ಕರೆಂಟ್ ಬಂದರೆ ಬಂತು, ಹೋದರೆ ಮೂರು ದಿನ ಇಲ್ಲ. ಲ್ಯಾಪ್‌ಟಾಪ್ ಹಳೆಯದು, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಬ್ಯಾಟರಿ ಹೆಚ್ಚೆಂದರೆ ಒಂದೂವರೆ ಗಂಟೆ ಎಳೆಯುತ್ತದೆ. ನೆಟ್ ಬೇಕೆಂದರೆ ಮೊಬೈಲನ್ನು ಅಟ್ಟದ ಕಿಟಕಿಗೆ ಕಟ್ಟಿ ಹಾಟ್‌ಸ್ಪಾಟ್ ಹಾಕಬೇಕು. ಇಂಥವನಿಗೆ 60 ಗಂಟೆಯ ದೊಡ್ಡ ಆಟ ಯಾಕೆ ಹೇಳಿ? ಅದಕ್ಕೇ ಒಬ್ಬರೋ ಇಬ್ಬರೋ ಸೇರಿ ಮಾಡಿದ, ಕೂತಲ್ಲೇ ಮುಗಿಯುವ ಆಟಗಳನ್ನು ಹುಡುಕಿಕೊಂಡು ಹೋದೆ.

ಮೊದಲು ಕೊಂಡದ್ದೇ ಕೈ ಕೊಟ್ಟಿತು. ಅದರ ಹೆಸರು ಬೇಡ, ಅರ್ಧ ತಪ್ಪು ನಮ್ಮ ಮಾಡಿನದ್ದು. 'ಮೈಕ್ ಆಟ' ಎಂದಿಟ್ಟುಕೊಳ್ಳೋಣ. ರಾತ್ರಿ ಕಾಡಿನಲ್ಲಿ ನಡೆಯಬೇಕು, ಲ್ಯಾಪ್‌ಟಾಪಿನ ಮೈಕ್ ಸದಾ ಕೇಳಿಸಿಕೊಳ್ಳುತ್ತಿರುತ್ತದೆ. ನೀವು ಹೆದರಿ ಕಿರುಚಿದರೆ ಆಟ ಮೊದಲಿಂದ ಶುರು. ಓದಿದಾಗ ಒಳ್ಳೆ ಐಡಿಯಾ ಅನ್ನಿಸಿತ್ತು.

ನಮ್ಮದು ಶೀಟ್ ಹೊದೆಸಿದ ಮನೆ. ಜುಲೈ ಮಳೆ ಶೀಟಿನ ಮೇಲೆ ಬೀಳುವ ಸದ್ದು ಗೊತ್ತಲ್ವಾ? ಪಕ್ಕದಲ್ಲಿ ಕೂತವರು ಮಾತಾಡಿದರೂ ಕೇಳಿಸದು. ಆಟ ಶುರುವಾಯಿತು, ನಾನು ಎರಡು ಹೆಜ್ಜೆ ಇಟ್ಟೆ, ಕಿರುಚಿದೆ ಎಂದು ಮತ್ತೆ ಮೊದಲಿಗೆ ಕಳಿಸಿತು. ಬಾಯಿ ಮುಚ್ಚಿಕೊಂಡೇ ಇದ್ದೆ. ಮೈಕ್‌ನ ಸೆಟ್ಟಿಂಗ್ ತಗ್ಗಿಸಿದೆ. ಅಷ್ಟು ತಗ್ಗಿಸಿದರೆ ನಾನು ನಿಜವಾಗಿ ಕಿರುಚಿದರೂ ಅದಕ್ಕೆ ಕೇಳುತ್ತಿರಲಿಲ್ಲ, ಮತ್ತೆ ಆಟ ಯಾಕೆ? ತಲೆ ಮೇಲೆ ಕಂಬಳಿ ಹೊದ್ದುಕೊಂಡೆ. ಸೆಕೆಗೆ ಕನ್ನಡಕ ಮಂಜಾಯಿತೇ ಹೊರತು ಬೇರೇನೂ ಆಗಲಿಲ್ಲ. ಕಾಫಿ ಚೀಲ ಜೋಡಿಸಿಟ್ಟ ಕೋಣೆಗೆ ಹೋದೆ, ಚೀಲಗಳು ಸದ್ದು ಹೀರಿಕೊಳ್ಳುತ್ತವೆ ಎಂಬ ಆಸೆಯಿಂದ. ಹೀರಲಿಲ್ಲ. ಜೀಪಿನಲ್ಲಿ ಕೂತು ನೋಡಿದೆ, ಅದು ಇನ್ನೂ ಸಣ್ಣ ತಗಡಿನ ಡಬ್ಬ ಅಷ್ಟೇ.

ಕೊನೆಗೆ ರಾತ್ರಿ ಎರಡು ಗಂಟೆಗೆ ಮಳೆ ನಿಂತಿತು. ಎದ್ದು ಕೂತೆ. ಐದು ನಿಮಿಷ ಚೆನ್ನಾಗಿ ಹೋಯಿತು. ಆಮೇಲೆ ಗದ್ದೆಯ ಕಪ್ಪೆಗಳು ಶುರು ಮಾಡಿದವು.

ಇನ್ನೊಂದು ಮಾತು. ಆ ಕಾಡು ನನಗೆ ಅಷ್ಟೇನೂ ಭಯ ಹುಟ್ಟಿಸಲಿಲ್ಲ. ಟಾರ್ಚ್ ಹಿಡಿದು ರಾತ್ರಿ ತೋಟಕ್ಕೆ ಇಳಿಯುವವರಿಗೆ ಕಾಡಿನ ಕತ್ತಲೆ ಹೊಸದಲ್ಲ. ಆಟದ ಕಾಡಲ್ಲಿ ಬರೀ ದೆವ್ವ ಇದೆ, ಆನೆ ಇಲ್ಲ. ಆರಾಮಾಗಿ ನಡೆಯಬಹುದು.

ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಕೇಳಬಹುದು. ನನ್ನದು ಐವತ್ತು ನಿಮಿಷವಾಗಿತ್ತು. ಕೇಳಿದೆ, ಬಂತು. ಆದರೆ ಸಣ್ಣ ಆಟ ಮಾಡುವವರಿಗೆ ಈ ನಿಯಮವೇ ದೊಡ್ಡ ಪೆಟ್ಟು. 'ಸಮರ್ ಆಫ್ 58' ಎಂಬ ಹಾರರ್ ಆಟ ಮಾಡಿದವರು 2021ರಲ್ಲಿ ಇದೇ ಕಾರಣಕ್ಕೆ ಆಟ ಮಾಡುವುದನ್ನೇ ನಿಲ್ಲಿಸುತ್ತೇನೆ ಎಂದಿದ್ದರು. ಆ ಆಟ ಎರಡು ಗಂಟೆಯೊಳಗೆ ಮುಗಿಯುತ್ತಿತ್ತು. ಚೆನ್ನಾಗಿದೆ ಎಂದವರೂ ಪೂರ್ತಿ ಆಡಿ ಹಣ ವಾಪಸ್ ಪಡೆಯುತ್ತಿದ್ದರಂತೆ. ನಾನು ಮುಗಿಸಿರಲಿಲ್ಲ, ಹಾಗಾಗಿ ಅಷ್ಟು ಪಾಪ ತಟ್ಟಲಿಕ್ಕಿಲ್ಲ.

ಆ ದುಡ್ಡಿನಲ್ಲೇ ಕೊಂಡದ್ದು 'ಐರನ್ ಲಂಗ್'. 2022ರಲ್ಲಿ ಡೇವಿಡ್ ಶಿಮಾನ್ಸ್ಕಿ ಎಂಬಾತ ಮಾಡಿದ್ದು. ಯಾವುದೋ ಚಂದ್ರನ ಮೇಲೆ ರಕ್ತದ ಸಮುದ್ರ, ಅದರೊಳಗೆ ತುಕ್ಕು ಹಿಡಿದ ಸಣ್ಣ ಸಬ್‌ಮರೀನ್. ಶಿಕ್ಷೆಗೊಳಗಾದ ಕೈದಿಯನ್ನು ಒಳಗೆ ಹಾಕಿ ಬಾಗಿಲಿಗೆ ವೆಲ್ಡಿಂಗ್ ಮಾಡಿ ಇಳಿಸಿಬಿಟ್ಟಿದ್ದಾರೆ. ಆ ಕೈದಿ ನೀವೇ. ಮುಂದಿನ ಕಿಟಕಿ ಮುಚ್ಚಿದೆ. ಇರುವುದು ಒಂದು ಮ್ಯಾಪ್, ಎಲ್ಲಿದ್ದೀರಿ ಎಂದು ತೋರಿಸುವ ಎರಡು ಅಂಕಿ, ಯಾವ ಕಡೆ ಮುಖ ಮಾಡಿದ್ದೀರಿ ಎಂಬ ಇನ್ನೊಂದು ಅಂಕಿ, ಗೋಡೆ ಹತ್ತಿರ ಬಂದರೆ ಬೀಪ್ ಅನ್ನುವ ಸೆನ್ಸರ್. ಹೊರಗೆ ಏನಿದೆ ನೋಡಬೇಕೆಂದರೆ ಹಿಂದೆ ಹೋಗಿ ಕ್ಯಾಮೆರಾ ಬಟನ್ ಒತ್ತಬೇಕು. ಮಸುಕಾದ ಒಂದು ಫೋಟೊ ಬರುತ್ತದೆ. ಯಾವುದು ಬಂಡೆ, ಯಾವುದು ಬಂಡೆ ಅಲ್ಲ, ಗೊತ್ತಾಗುವುದಿಲ್ಲ.

ಸಂಪಾಜೆ ಘಾಟಿಯಲ್ಲಿ ಮಂಜು ಕವಿದಾಗ ಗಾಡಿ ಓಡಿಸಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಹೆಡ್‌ಲೈಟ್ ಹಾಕಿದರೆ ಬರೀ ಬಿಳಿ ಗೋಡೆ. ತಿರುವು ಇಲ್ಲೇ ಇರಬೇಕು ಎಂಬ ನೆನಪಿನ ಮೇಲೆ ಸ್ಟಿಯರಿಂಗ್ ತಿರುಗಿಸುತ್ತೇವೆ. ಎದುರಿಂದ ಲಾರಿ ಬಂದರೆ ಗೊತ್ತಾಗುವುದು ಹಾರ್ನ್ ಕೇಳಿದ ಮೇಲೆಯೇ. ದೆವ್ವ ಕಂಡರೆ ಹೆದರದ ನಾನು ಇಲ್ಲಿ, ಏನೂ ಕಾಣದ ಕಡೆ, ಬೆವರಿದೆ. ಫೋಟೊ ತೆಗೆಯದೆ ಸುಮ್ನೆ ಅಂಕಿ ನೋಡಿಕೊಂಡೇ ಹೋಗಿಬಿಡೋಣ ಅನ್ನಿಸುತ್ತದೆ. ಆದರೆ ಗುರುತು ಹಾಕಿದ ಜಾಗಗಳ ಫೋಟೊ ತೆಗೆಯುವುದೇ ನಿಮ್ಮ ಕೆಲಸ.

ಮೈಕ್ ಆಟವನ್ನು ಕೆಡಿಸಿದ ಅದೇ ಮಳೆ ಇದಕ್ಕೆ ಮಾತ್ರ ಒದಗಿ ಬಂತು. ಶೀಟಿನ ಮೇಲೆ ನೀರು ಬಡಿಯುತ್ತಿದೆ, ಆಟದಲ್ಲಿ ಕಬ್ಬಿಣ ಕಿರ್ ಅನ್ನುತ್ತಿದೆ. ಯಾವ ಸದ್ದು ಯಾವುದರದ್ದು ಎಂದು ಹೆಡ್‌ಫೋನ್ ತೆಗೆದು ಎರಡು ಸಲ ನೋಡಿದ್ದೇನೆ. ಅಜ್ಜಿ ಹಿಂದೆ ಬಂದು ನಿಂತು, "ಎಂತ ಮಾರಾಯ, ಅವನಿಗೆ ಒಂದು ಕಿಟಕಿಯಾದರೂ ಇಟ್ಟುಕೊಡಬಾರದಿತ್ತಾ?" ಎಂದರು. ಕೈಯಲ್ಲಿ ಪಾಯಸದ ಬಟ್ಟಲು. ಅವತ್ತು ಕಕ್ಕಡ 18, ಅಂದರೆ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನ ಪಾಯಸ. ಆ ಕಡು ಬಣ್ಣ, ಪರದೆ ಮೇಲೆ ರಕ್ತದ ಸಮುದ್ರದ ಆಟ. ಬಟ್ಟಲು ನೋಡದೆ ತಿಂದೆ.

ಸುಮಾರು ಒಂದು ಗಂಟೆಯಲ್ಲಿ ಮುಗಿಯಿತು, ಬ್ಯಾಟರಿ ಇನ್ನೂ ಉಳಿದಿತ್ತು. ಒಂದು ದೂರು ಇದೆ: ಸಬ್‌ಮರೀನ್ ತುಂಬಾ ನಿಧಾನ, ನಡುವೆ ಹತ್ತು ನಿಮಿಷ ನನಗೂ ಬೇಜಾರಾಯಿತು. 2023ರ ಜೂನ್‌ನಲ್ಲಿ, ಟೈಟಾನಿಕ್ ಅವಶೇಷ ನೋಡಲು ಇಳಿದ ಟೈಟಾನ್ ಸಬ್‌ಮರೀನ್ ದುರಂತ ನಡೆದಾಗ ಈ ಆಟದ ಮಾರಾಟ ಏಕಾಏಕಿ ಏರಿತ್ತು. ಅದು ನೆನಪಾದರೆ ಒಂಥರಾ ಆಗುತ್ತದೆ.

ಎರಡನೇ ಸ್ಥಾನ 'ಫೇತ್'ಗೆ. ಏರ್‌ಡಾರ್ಫ್ ಎಂಬ ಹೆಸರಿನಲ್ಲಿ ಒಬ್ಬರು ಮಾಡಿದ್ದು, ಮೂರು ಭಾಗ ಒಟ್ಟಾಗಿ 2022ರಲ್ಲಿ ಬಂತು. ಹಳೆಯ ಟಿವಿ ಗೇಮಿನ ಹಾಗೆ ನಾಲ್ಕು ಚುಕ್ಕೆಯ ಪಾದ್ರಿ, ಕೈಯಲ್ಲಿ ಶಿಲುಬೆ. ಕಥೆ ನಡೆಯುವುದು 1987ರ ಅಮೆರಿಕದಲ್ಲಿ. ನಗು ಬರುವಂಥ ಚಿತ್ರ, ಆದರೆ ಅದರ ಕಂಪ್ಯೂಟರ್ ದನಿ ಮಾತಾಡಿದರೆ ಕೂದಲು ನಿಮಿರುತ್ತದೆ. ನನ್ನ ಲ್ಯಾಪ್‌ಟಾಪ್ ಬಿಸಿಯೂ ಆಗಲಿಲ್ಲ. ಒಂದೇ ಏಟಿಗೆ ಸಾಯುತ್ತೀರಿ, ಮತ್ತೆ ಬನ್ನಿ. ಮೂರೂ ಭಾಗ ಒಂದೇ ರಾತ್ರಿಗೆ ಮುಗಿಯುವಂಥದ್ದಲ್ಲ, ನನಗೆ ಅದೇ ತೊಂದರೆ. ಬೆಂಗಳೂರಲ್ಲಿ ಇದ್ದಿದ್ದರೆ ಇದನ್ನೇ ಮೊದಲು ಹೇಳುತ್ತಿದ್ದೆನೇನೋ.

'ಫಿಯರ್ಸ್ ಟು ಫ್ಯಾದಮ್' ಸರಣಿಯ ಮೊದಲ ಕಂತು 'ಹೋಮ್ ಅಲೋನ್' ಪುಕ್ಕಟೆ. ನಮ್ಮ ದೇಶದ ಮುಕುಲ್ ನೇಗಿ ಅವರದ್ದು. ಅಪ್ಪ ಅಮ್ಮ ಊರಲ್ಲಿಲ್ಲದಾಗ ಮನೆಯಲ್ಲಿ ಒಬ್ಬನೇ ಇರುವ 14ರ ಹುಡುಗನ ಕಥೆ. ಕೂಡು ಕುಟುಂಬದಲ್ಲಿ ಬೆಳೆದ ನನಗೆ ಮನೆಯಲ್ಲಿ ಯಾರೂ ಇಲ್ಲ ಅನ್ನುವುದು ಹಬ್ಬದ ಹಾಗೆ ಕೇಳಿಸಿತು. ಆದರೂ ಬಾಗಿಲ ಹತ್ತಿರದ ಒಂದು ಕ್ಷಣ ಮರೆಯುವುದಿಲ್ಲ. ದುಡ್ಡು ಹಾಕುವ ಮೊದಲು ಇಂಥ ಆಟ ನಿಮಗೆ ಆಗುತ್ತದೋ ಇಲ್ಲವೋ ನೋಡಲು ಇದು ಸಾಕು.

ಸೇಲ್‌ನಲ್ಲಿ ನನಗೆ 'ಐರನ್ ಲಂಗ್' ಒಂದು ಪ್ಲೇಟ್ ಪಂದಿ ಕರಿಗಿಂತ ಕಡಿಮೆಗೆ ಸಿಕ್ಕಿತು. ನಾಪೋಕ್ಲಿನ ಭಾವ ಪೆನ್ ಡ್ರೈವ್‌ಗೆ ಹಾಕಿ ಕೊಡು ಎಂದರು. ಕೊಡಲಿಲ್ಲ. "ಆಟ ಒಬ್ಬನೇ ಕೂತು ಮಾಡಿದ್ದು ಭಾವ, ಕೊಂಡುಕೊಳ್ಳಿ" ಎಂದೆ. ಗೊಣಗಿಕೊಂಡೇ ಕೊಂಡರು. ಅವರದ್ದು ಹೆಂಚಿನ ಮನೆ, ಮಳೆ ಸದ್ದು ಅಷ್ಟಿಲ್ಲ. ಅಲ್ಲಿ ಹೇಗಿತ್ತು ಎಂದು ಕೇಳಬೇಕು, ಆದರೆ ನಾಲ್ಕು ದಿನದಿಂದ ಅವರ ಕಡೆ ಕರೆಂಟ್ ಇಲ್ಲ, ಫೋನೂ ಸ್ವಿಚ್ ಆಫ್.