ಹತ್ತಿ ಕಟ್ಟಿಗೆಗೆ ಸ್ಲ್ಯಾಶರ್ ಹೊಡೆಸಿದೆ, ನಮ್ಮ ಶಹಾಪುರದ ಹೊಲದಲ್ಲಿ

ನಮ್ಮದು ಕಾಲುವೆ ನೀರಿನ ಎರೆ ಹೊಲ, ನಾಲ್ಕು ಎಕರೆ ಹತ್ತಿ. ಪ್ರತಿ ವರ್ಷ ಹತ್ತಿ ಬಿಡಿಸಿ ಮುಗಿದ ಮೇಲೆ ಕುರಿ ಮೇಯಿಸಿ, ಆಳು ಹಚ್ಚಿ ಕಟ್ಟಿಗೆ ಕೀಳಿಸಿ, ಬದುವಿಗೆ ಒಟ್ಟಿ ಬೆಂಕಿ ಇಡುತ್ತಿದ್ದೆವು. ಈ ಸಲ ಆಳು ಸಿಗಲಿಲ್ಲ. ಟ್ರ್ಯಾಕ್ಟರ್ ಹಿಂದೆ ಕಟ್ಟುವ ಐದು ಫೂಟಿನ ಸ್ಲ್ಯಾಶರ್ ಬಾಡಿಗೆಗೆ ತರಿಸಿದೆ. ರೋಟರಿ ಕಟರ್ ಅಂತಾರಲ್ಲ, ಕೆಳಗೆ ಬ್ಲೇಡು ಗಿರಗಿರ ತಿರುಗಿ ಗಿಡ ಕತ್ತರಿಸುತ್ತದಲ್ಲ, ಅದೇ.

ಕೆಲಸ ನನಗೆ ಹಿಡಿಸಿತು. ಪಿಟಿಒ, ಅಂದ್ರೆ ಟ್ರ್ಯಾಕ್ಟರಿನಿಂದ ಮಷೀನಿಗೆ ಶಕ್ತಿ ಕೊಡುವ ಹಿಂದಿನ ಶಾಫ್ಟು, ಅದನ್ನು ನಿಮಿಷಕ್ಕೆ 540 ಸುತ್ತಿಗೆ ಇಟ್ಟು ಸಣ್ಣ ಗೇರಿನಲ್ಲಿ ನಿಧಾನಕ್ಕೆ ಹೋದರೆ ಎದೆಮಟ್ಟದ ಗಿಡವೂ ತುಂಡಾಗುತ್ತದೆ. ಡ್ರೈವರ್ ಅವಸರ ಮಾಡಿದ ಸಾಲುಗಳಲ್ಲಿ ಮಾತ್ರ ಗಿಡ ಬಾಗಿ, ಸಿಪ್ಪೆ ಸುಲಿದುಕೊಂಡು ಹಾಗೇ ನಿಂತಿತ್ತು, ಅಲ್ಲಿ ಎರಡನೇ ಸಲ ಹೊಡೆಸಬೇಕಾಯಿತು. ಪುಡಿ ಆಗುತ್ತೆ ಅಂತ ಮಾತ್ರ ನಂಬಬೇಡಿ. ಗೇಣುದ್ದದ ತುಂಡು ಬೀಳುತ್ತವೆ, ಬುಡ ನೆಲದಲ್ಲೇ ಉಳಿಯುತ್ತದೆ. ಪುಡಿಯೇ ಬೇಕು ಅಂದ್ರೆ ಗಿಡವನ್ನು ಸಣ್ಣಗೆ ಚೂರು ಮಾಡುವ ಮಲ್ಚರ್ ಮಷೀನು ತರಿಸಿ. ಉಳಿದ ಬುಡ ಮೊಳೆಯ ಹಾಗೆ ಚೂಪಾಗಿರುತ್ತದೆ, ಬೈಕ್ ಒಳಗೆ ಒಯ್ಯಬೇಡಿ, ಬರಿಗಾಲಲ್ಲಿ ಯಾರನ್ನೂ ಬಿಡಬೇಡಿ.

ಬಾಡಿಗೆಯವರ ಮೇಲೆ ಒಂದು ಸಿಟ್ಟಿದೆ. ಬದುವಿನ ಹತ್ತಿರ ಬ್ಲೇಡಿಗೆ ಕಲ್ಲು ತಗುಲಿ ಶಿಯರ್ ಬೋಲ್ಟ್ (ಜೋರು ಪೆಟ್ಟು ಬಿದ್ದರೆ ಮೊದಲು ತಾನೇ ಮುರಿಯಲಿ ಅಂತ ಹಾಕಿರುವ ಬೋಲ್ಟ್) ತುಂಡಾಯಿತು. ತುಂಡಾಗಿದ್ದು ಒಳ್ಳೆಯದೇ, ಇಲ್ಲದಿದ್ದರೆ ಪೆಟ್ಟು ಗೇರ್‌ಬಾಕ್ಸಿಗೆ ಹೋಗುತ್ತಿತ್ತು. ಆದರೆ ಬೇರೆ ಬೋಲ್ಟ್ ಅವರ ಹತ್ತಿರ ಇರಲಿಲ್ಲ, ಊರಿಗೆ ಹೋಗಿ ತರೋದಕ್ಕೆ ಒಂದೂವರೆ ಗಂಟೆ ಹಿಡಿಯಿತು, ಆ ಹೊತ್ತನ್ನೂ ಬಾಡಿಗೆಗೆ ಸೇರಿಸಿದರು! ಗಂಟೆ ಲೆಕ್ಕ ಬೇಡ, ಎಕರೆ ಲೆಕ್ಕಕ್ಕೆ ಮಾತಾಡಿ. ಬೋಲ್ಟ್ ಎಷ್ಟು ತಂದಿದ್ದೀರಿ ಅಂತ ಮೊದಲೇ ಕೇಳಿ. ಹಿಂದೆ ಜೋತುಬಿಡುವ ಸರಪಳಿಗಳನ್ನೂ ನೋಡಿ, ನಮಗೆ ಬಂದದ್ದರಲ್ಲಿ ಅರ್ಧ ಕಿತ್ತುಹೋಗಿದ್ದವು. ಸರಪಳಿ ತಡೆಯದಿದ್ದರೆ ಕಲ್ಲು ಗುಂಡಿನ ಹಾಗೆ ಸಿಡಿಯುತ್ತೆ. ಪಕ್ಕದ ಹೊಲದ ಕುರಿಯವರಿಗೆ "ಅಣ್ಣಾ, ಸ್ವಲ್ಪ ದೂರ ಹೊಡ್ಕೊಂಡು ಹೋಗ್ರಿ" ಅಂತ ಕೈಮುಗಿದೆ, ಅವರು ಹೋಗೋತನಕ ಟ್ರ್ಯಾಕ್ಟರ್ ನಿಲ್ಲಿಸಿದ್ದೆ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಗುಲಾಬಿ ಕಾಯಿಕೊರಕದ ಹುಳ ಗಿಡದಲ್ಲಿ ಉಳಿದ ಒಣ ಕಾಯಿಯೊಳಗೇ ಸೇರಿಕೊಂಡಿರುತ್ತದೆ. ಕಾಯಿ ಆರಿಸದೆ ಸ್ಲ್ಯಾಶರ್ ಹೊಡೆಸಿದರೆ ಹುಳವನ್ನು ನಾವೇ ಹೊಲದ ತುಂಬ ಚೆಲ್ಲಿದ ಹಾಗೆ, ಅಲ್ವಾ? ಅದಕ್ಕೇ ಅವ್ವ, ನಾನು ಸೇರಿ ಎರಡು ದಿನ ಕಾಯಿ ಆರಿಸಿ, ಅವನ್ನಷ್ಟೇ ಸುಟ್ಟೆವು. ಆಮೇಲೇ ಮಷೀನು ಒಳಗೆ ಬಿಟ್ಟದ್ದು. ಈಗ ಆಳವಾಗಿ ರೆಂಟೆ ಹೊಡೆದು ತುಂಡುಗಳನ್ನು ಮಣ್ಣಿಗೆ ಸೇರಿಸಿದ್ದೇವೆ, ಬುಡವೂ ಕಿತ್ತು ಮೇಲೆ ಬಂದಿದೆ.